ಚಾರ್ಟ್ ಹಾಳೆಯ ಮೇಲೆ ನೈಜೀರಿಯಾ

ನಾನು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವವನು. ಉದಯೋನ್ಮುಖ ಆರ್ಥಿಕತೆಗಳ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಒಂದು ಯೋಜನೆ ಕೊಡುವುದು ರೂಢಿ. ಒಂದು ದೇಶವನ್ನು ಆರಿಸಿಕೊಂಡು, ಅದರ ಬಗ್ಗೆ ಮಾಹಿತಿ ಕಲೆಹಾಕಿ, ನಕಾಶೆ ಬರೆದು ತರಬೇಕು. ಹಾಗೆ ಬರುವ ಹಾಳೆಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ದೇಶದ ಗಡಿರೇಖೆಯೊಳಗೆ ಉದ್ದಗಲಕ್ಕೂ ಒಂದೇ ಬಣ್ಣ, ಪಕ್ಕದಲ್ಲಿ ಬಾವುಟ, ಕೆಳಗೆ ಜನಸಂಖ್ಯೆ, ಜಿಡಿಪಿ, ತಲಾ ಆದಾಯಗಳ ಪಟ್ಟಿ. ಅಂಕಿಗಳೆಲ್ಲ ಸರಿಯಿದ್ದರೂ ಅದನ್ನು ಭೂಗೋಳವೆನ್ನಲು ನನಗೆ ಮನಸ್ಸು ಬರುವುದಿಲ್ಲ. ಒಂದು ದೇಶ ಬೆಳೆಯುತ್ತಿದೆ ಎಂದರೆ ಅದರ ಯಾವ ಮೂಲೆ ಬೆಳೆಯುತ್ತಿದೆ, ಅಲ್ಲೇ ಏಕೆ ಬೆಳೆಯುತ್ತಿದೆ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರವಿರುವುದಿಲ್ಲ. ಹೀಗಾಗಿ ಈ ಸಲ ಯೋಜನೆಯನ್ನು ಮನೆಗೆ ಕಳಿಸದೆ, ತರಗತಿಯಿಲ್ಲದ ಒಂದು ದಿನ ಆಸಕ್ತಿಯಿದ್ದ ಕೆಲವರನ್ನು ಭೂಗೋಳದ ಕೊಠಡಿಯಲ್ಲಿ ಕೂರಿಸಿಕೊಂಡು, ಒಂದೇ ದೇಶದ ನಕಾಶೆಯನ್ನು ಬುಡದಿಂದ ಕಟ್ಟಿಸುವುದೆಂದು ನಿಶ್ಚಯಿಸಿದೆ.

ಮಕ್ಕಳು ಮೊದಲು ಹೇಳಿದ್ದು ಚೀನಾ ಮತ್ತು ಬ್ರೆಜಿಲ್. ನಾನು ನೈಜೀರಿಯಾ ಎಂದೆ. "ಸರ್, ಅದು ಬಡ ದೇಶ ಅಲ್ವಾ?" ಎಂದು ಒಬ್ಬ ಹುಡುಗಿ ತಕ್ಷಣ ಕೇಳಿದಳು. ಆ ಪ್ರಶ್ನೆಗೆ ಹೌದು ಎಂದೂ ಅಲ್ಲ ಎಂದೂ ಪುರಾವೆ ಸಮೇತ ಉತ್ತರಿಸಬಹುದಾದ್ದರಿಂದಲೇ ನಾನು ಆ ದೇಶವನ್ನು ಆರಿಸಿದ್ದೆ. ವಿಶ್ವ ಬ್ಯಾಂಕಿನ ವರ್ಗೀಕರಣದಲ್ಲಿ ಅದು ಕೆಳ ಮಧ್ಯಮ ಆದಾಯದ ದೇಶ. 2014ರಲ್ಲಿ ಅದೇ ದೇಶ ಆಫ್ರಿಕಾದ ಅತಿ ದೊಡ್ಡ ಆರ್ಥಿಕತೆ ಎನಿಸಿಕೊಂಡಿತ್ತು. ಇದರ ಜೊತೆಗೆ ಒಂದು ಅನುಕೂಲವೂ ಇತ್ತು: 36 ರಾಜ್ಯಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ರಾಜಧಾನಿ ಪ್ರದೇಶಕ್ಕೂ ಪ್ರತ್ಯೇಕವಾಗಿ ಬಡತನದ ಅಂಕಿಗಳು ಪ್ರಕಟವಾಗಿವೆ. ರಾಜ್ಯವಾರು ಅಂಕಿಗಳಿಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕುವುದೇ ವ್ಯರ್ಥ.

ಮೊದಲ ಕೆಲಸ ಗಡಿರೇಖೆ. ದೇಶದ ದಕ್ಷಿಣೋತ್ತರ ವಿಸ್ತಾರ ಸುಮಾರು 1,050 ಕಿ.ಮೀ., ಪೂರ್ವ ಪಶ್ಚಿಮವಾಗಿ ಅದಕ್ಕಿಂತ ಹೆಚ್ಚು. ಒಂದು ಸೆಂಟಿಮೀಟರಿಗೆ 25 ಕಿ.ಮೀ. ಎಂದು ಹಿಡಿದರೆ ಚಾರ್ಟ್ ಹಾಳೆ ತುಂಬುವಷ್ಟು ದೊಡ್ಡದಾಗಿ, ಅಂಚಿನಲ್ಲಿ ಸೂಚಿಗೂ (ಬಣ್ಣ, ಗುರುತುಗಳ ಅರ್ಥ ತಿಳಿಸುವ ಪಟ್ಟಿಗೂ) ಜಾಗ ಉಳಿಯುವಂತೆ ಬರುತ್ತದೆ. ಅಟ್ಲಾಸಿನ ಪುಟದ ಮೇಲೆ ಚೌಕಗಳನ್ನು ಎಳೆದು, ಅವನ್ನು ಹಾಳೆಯ ಮೇಲೆ ಹಿಗ್ಗಿಸಿ ಬರೆಯುವ ಹಳೆಯ ಪದ್ಧತಿಯನ್ನೇ ಬಳಸಿದೆವು. ಮುದ್ರಿತ ನಕಾಶೆಯನ್ನು ಕೊಟ್ಟುಬಿಡಬಹುದಿತ್ತು, ನಿಜ. ಆದರೆ ಗಡಿಯನ್ನು ಕೈಯಾರೆ ಎಳೆದ ಮಕ್ಕಳಿಗೆ ಮಾತ್ರ ಅದರ ಓರೆಕೋರೆಗಳು ನೆನಪಿನಲ್ಲಿ ಉಳಿಯುತ್ತವೆ ಎಂಬುದು ನನ್ನ ಅನುಭವ. ಕೊಠಡಿಯಲ್ಲಿದ್ದ ಹಳೆಯ ಅಟ್ಲಾಸಿನಲ್ಲಿ ರಾಜಧಾನಿಯ ನಕ್ಷತ್ರ ಲಾಗೋಸ್ ಮೇಲಿತ್ತು, ಹೊಸದರಲ್ಲಿ ಅಬುಜಾ ಮೇಲೆ. ರಾಜಧಾನಿ ಅಧಿಕೃತವಾಗಿ ಸ್ಥಳಾಂತರವಾದದ್ದು 1991ರ ಡಿಸೆಂಬರಿನಲ್ಲಿ. ಈಶಾನ್ಯ ಮೂಲೆಯ ಚಾಡ್ ಸರೋವರವೂ ಎರಡು ಪುಸ್ತಕಗಳಲ್ಲಿ ಎರಡು ಗಾತ್ರದಲ್ಲಿತ್ತು. 1960ರ ದಶಕದಲ್ಲಿ ಸುಮಾರು 25,000 ಚದರ ಕಿ.ಮೀ. ಇದ್ದ ಆ ನೀರು ಎರಡು ಮೂರು ದಶಕಗಳಲ್ಲಿ ಹತ್ತರಲ್ಲೊಂದು ಪಾಲಿಗೆ ಇಳಿದಿತ್ತು. ನಾವು ಹಳೆಯ ದಡವನ್ನು ಚುಕ್ಕಿಗೆರೆಯಲ್ಲೂ ಕುಗ್ಗಿದ ಸರೋವರವನ್ನು ನೀಲಿ ಬಣ್ಣದಲ್ಲೂ ತೋರಿಸಿದೆವು.

ಮುಂದಿನ ಪದರ ನೀರು ಮತ್ತು ಮಳೆಯದು. ವಾಯವ್ಯದಿಂದ ಇಳಿಯುವ ನೈಜರ್, ಪೂರ್ವದಿಂದ ಬರುವ ಬೆನುವೆ, ಎರಡೂ ಲೊಕೊಜಾದಲ್ಲಿ ಸೇರಿ ದಕ್ಷಿಣಕ್ಕೆ ಹರಿದು ಕಡಲು ಸೇರುತ್ತವೆ. ಹಾಳೆಯನ್ನು ಮೂರು ಹೋಳು ಮಾಡುವ ಈ ಗೆರೆಗಳನ್ನು ಎಳೆದ ಮೇಲೆ ದೇಶದ ಬಹಳಷ್ಟು ಸಂಗತಿಗಳಿಗೆ ಒಂದು ಚೌಕಟ್ಟು ದೊರೆಯಿತು. ನದೀಮುಖದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಈಶಾನ್ಯದ ಅಂಚಿಗೆ ಹೋಗುವಷ್ಟರಲ್ಲಿ ಸುಮಾರು 500ಕ್ಕೆ ಇಳಿಯುತ್ತದೆ. ಮಳೆ ಇಳಿದಂತೆ ಬೆಳೆಯೂ ಬದಲಾಗುತ್ತದೆ. ನೈರುತ್ಯದಲ್ಲಿ ಕೋಕೋ, ದಕ್ಷಿಣ ಮತ್ತು ಆಗ್ನೇಯದಲ್ಲಿ ಎಣ್ಣೆ ತಾಳೆ, ನಡುಪಟ್ಟಿಯಲ್ಲಿ ಗೆಡ್ಡೆಗೆಣಸು, ಉತ್ತರದಲ್ಲಿ ಜೋಳ, ಸಜ್ಜೆ, ಹತ್ತಿ, ಶೇಂಗಾ.

ರೈಲು ಹಳಿಗಳ ಪದರ ಬಂದಾಗ ಮಕ್ಕಳಿಗೆ ನಕಾಶೆಯನ್ನು ಓದುವ ಚಾಳಿ ಹತ್ತಿತು. ಹಳೆಯ ಮಾರ್ಗಗಳಲ್ಲಿ ಮುಖ್ಯವಾದವು ಎರಡು. ಒಂದು ಲಾಗೋಸಿನಿಂದ ಹೊರಟು 1912ರಲ್ಲಿ ಕಾನೊ ತಲುಪಿದ್ದು. ಇನ್ನೊಂದು ಪೋರ್ಟ್ ಹಾರ್ಕೋರ್ಟಿನಿಂದ ಎನುಗುವಿನ ಕಲ್ಲಿದ್ದಲ ಗಣಿಗಳ ಮೂಲಕ ಮೇಲೇರಿ ಕಡೂನಾದಲ್ಲಿ ಮೊದಲನೆಯದನ್ನು ಕೂಡಿಕೊಳ್ಳುವುದು. ಪೆನ್ಸಿಲ್ ಹಿಡಿದಿದ್ದ ಹುಡುಗ, "ಎರಡೂ ಬಂದರಿಗೇ ಹೋಗ್ತಾವಲ್ಲ ಸರ್, ಅಕ್ಕಪಕ್ಕದ ಊರುಗಳಿಗೆ ಗೆರೆಯೇ ಇಲ್ಲ" ಎಂದ. ಉತ್ತರದ ಶೇಂಗಾ ಮತ್ತು ಹತ್ತಿ, ಜೋಸ್ ಪ್ರಸ್ಥಭೂಮಿಯ ತವರ, ಎನುಗುವಿನ ಕಲ್ಲಿದ್ದಲು, ಇವೆಲ್ಲ ಕಡಲತ್ತ ಇಳಿಯಲೆಂದೇ ಬ್ರಿಟಿಷ್ ಆಡಳಿತ ಹಾಕಿದ ಹಳಿಗಳವು. ದಕ್ಷಿಣದ ಈ ಎರಡು ಬಂದರುಗಳನ್ನು ಪರಸ್ಪರ ಬೆಸೆಯುವ ಅಡ್ಡಗೆರೆ ಅದರಲ್ಲಿಲ್ಲ. ವಸಾಹತು ಆರ್ಥಿಕತೆಯ ಸ್ವರೂಪವನ್ನು ನಾನು ಪಾಠದಲ್ಲಿ ವಿವರಿಸುವುದಕ್ಕಿಂತ ಆ ಎರಡು ಕಪ್ಪು ಗೆರೆಗಳು ಹೆಚ್ಚು ಚೆನ್ನಾಗಿ ಹೇಳಿದವು. 2021ರಲ್ಲಿ ತೆರೆದ ಲಾಗೋಸ್–ಇಬಾದಾನ್ ಮಾರ್ಗ ಮತ್ತು 2016ರ ಅಬುಜಾ–ಕಡೂನಾ ಮಾರ್ಗಗಳನ್ನು ಬೇರೆ ಬಣ್ಣದಲ್ಲಿ ಎಳೆದ ಮೇಲೂ ಒಟ್ಟು ನೋಟ ಬಹಳವೇನೂ ಬದಲಾಗಲಿಲ್ಲ.

ಇಷ್ಟಾದ ಮೇಲೆ ಅಂಕಿಗಳು. ಇಲ್ಲಿ ನಮ್ಮ ಕೆಲಸ ನಿಧಾನವಾಯಿತು, ಮತ್ತು ಆ ನಿಧಾನಕ್ಕೆ ಬೆಲೆಯಿತ್ತು. ಇಬ್ಬರು ಮಕ್ಕಳು ಎರಡು ಕಡೆಯಿಂದ 2013ರ ಜಿಡಿಪಿಯನ್ನು ಬರೆದು ತಂದಿದ್ದರು. ಒಬ್ಬನದು 42 ಲಕ್ಷ ಕೋಟಿ ನೈರಾ (ಅಲ್ಲಿನ ಹಣ), ಇನ್ನೊಬ್ಬಳದು 80 ಲಕ್ಷ ಕೋಟಿ ನೈರಾ. ಎರಡೂ ಸರಿಯೇ. 2014ರ ಏಪ್ರಿಲಿನವರೆಗೆ ಆ ದೇಶ ತನ್ನ ಉತ್ಪನ್ನವನ್ನು 1990ನ್ನು ಆಧಾರ ವರ್ಷವಾಗಿ, ಅಂದರೆ ಯಾವ ವಲಯಕ್ಕೆ ಎಷ್ಟು ತೂಕ ಎಂದು ನಿಗದಿಮಾಡುವ ವರ್ಷವಾಗಿ, ಇಟ್ಟುಕೊಂಡು ಲೆಕ್ಕ ಹಾಕುತ್ತಿತ್ತು. ಆಧಾರ ವರ್ಷ 2010 ಎಂದಾದೊಡನೆ ಮೊತ್ತ ಸುಮಾರು ಶೇ. 89ರಷ್ಟು ಹಿಗ್ಗಿ, 510 ಶತಕೋಟಿ ಡಾಲರ್ ಸಮೀಪಿಸಿ, ದಕ್ಷಿಣ ಆಫ್ರಿಕಾವನ್ನು ಹಿಂದೆ ಹಾಕಿತು. ಅಂದು ಒಂದೇ ಒಂದು ಹೊಸ ಕಾರ್ಖಾನೆಯೂ ಏಳಲಿಲ್ಲ. 1990ರ ಲೆಕ್ಕದಲ್ಲಿ ಹೆಚ್ಚುಕಡಿಮೆ ಜಾಗವೇ ಇಲ್ಲದಿದ್ದ ಮೊಬೈಲ್ ಸೇವೆ, ಲಾಗೋಸಿನ ಸುತ್ತ ಬೆಳೆದಿದ್ದ ಚಲನಚಿತ್ರೋದ್ಯಮ ಮುಂತಾದವು ಎಣಿಕೆಗೆ ಬಂದವು, ಅಷ್ಟೇ. ಸೇವಾ ವಲಯದ ಪಾಲು ಅರ್ಧಕ್ಕೇರಿತು. ತೈಲ ಮತ್ತು ಅನಿಲದ ಪಾಲು ಸುಮಾರು ಶೇ. 32ರಿಂದ 14ಕ್ಕೆ ಕುಸಿಯಿತು.

"ಹಾಗಾದ್ರೆ ದೊಡ್ಡ ಅಂಕಿನೇ ಹಾಕೋಣ" ಎಂಬುದು ಮಕ್ಕಳ ತೀರ್ಮಾನ. ಹಾಕಿದೆವು. ಆದರೆ ಪಕ್ಕದಲ್ಲೇ ಇನ್ನೊಂದು ಸಂಗತಿಯನ್ನೂ ಬರೆಸಿದೆ. 2023ರ ಜೂನಿನಲ್ಲಿ ನೈರಾದ ವಿನಿಮಯ ದರದ ಮೇಲಿದ್ದ ಹಿಡಿತವನ್ನು ಸಡಿಲಿಸಿದ ಮೇಲೆ, ಡಾಲರೊಂದಕ್ಕೆ 470ರ ಆಸುಪಾಸಿನಲ್ಲಿದ್ದ ಅದರ ಬೆಲೆ 2024ರ ಕೊನೆಯ ಹೊತ್ತಿಗೆ 1,500ರ ಮಟ್ಟಕ್ಕೆ ಇಳಿದಿತ್ತು. ಡಾಲರಿನಲ್ಲಿ ಅಳೆದಾಗ ದೇಶ ಆಫ್ರಿಕಾದ ನಾಲ್ಕನೆಯ ಸ್ಥಾನಕ್ಕೆ ಸರಿಯಿತು. ಮೊದಲ ಸಲ ಲೆಕ್ಕದ ವಿಧಾನ ದೇಶವನ್ನು ಮೇಲೆತ್ತಿತು, ಎರಡನೆಯ ಸಲ ವಿನಿಮಯ ದರ ಕೆಳಗಿಳಿಸಿತು. ಎರಡು ಸಲವೂ ಹೊಲ, ಗಣಿ, ಬಂದರುಗಳು ಇದ್ದಲ್ಲೇ ಇದ್ದವು. ಉದಯೋನ್ಮುಖ ಆರ್ಥಿಕತೆಯ ಬಗ್ಗೆ ಮಾತನಾಡುವವರು ಯಾವ ವರ್ಷದ, ಯಾವ ಲೆಕ್ಕದ ಅಂಕಿ ಎಂದು ಹೇಳದೆ ದಾಟಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಅಂದು ಸೂಚಿಯಲ್ಲಿ ಪ್ರತಿ ಸಂಖ್ಯೆಯ ಮುಂದೆ ವರ್ಷ ಬರೆಯಲು ಹೇಳಿದಾಗ ಮಕ್ಕಳು ಗೊಣಗಿದರಾದರೂ ನಾನು ಬಿಡಲಿಲ್ಲ.

ಮಧ್ಯಾಹ್ನದ ಕೆಲಸ ಬಡತನದ ಬಣ್ಣದ ನಕಾಶೆ. ನೈಜೀರಿಯಾದ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ 2018–19ರಲ್ಲಿ ಸಮೀಕ್ಷೆ ನಡೆಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಅದರಂತೆ ದೇಶದಲ್ಲಿ ಶೇ. 40.1ರಷ್ಟು ಜನ ಬಡವರು. ಸರಾಸರಿಯನ್ನು ಬಿಟ್ಟು ರಾಜ್ಯಗಳಿಗೆ ಇಳಿದರೆ ಸೊಕೊಟೊದಲ್ಲಿ ಶೇ. 87.7, ಲಾಗೋಸಿನಲ್ಲಿ 4.5. ಒಂದೇ ದೇಶದೊಳಗಿನ ಅಂತರ ಅದು. ನಾವು ಇಪ್ಪತ್ತಕ್ಕೊಂದರಂತೆ ಐದು ಛಾಯೆಗಳನ್ನು ಇಟ್ಟುಕೊಂಡು, ತಿಳಿ ಹಳದಿಯಿಂದ ಕಡುಗಂದುವರೆಗೆ ತುಂಬುತ್ತ ಹೋದೆವು. ಉತ್ತರ ಕಪ್ಪಾಗುತ್ತ, ದಕ್ಷಿಣ ತಿಳಿಯಾಗುತ್ತ ಬಂದದ್ದು ನಿರೀಕ್ಷಿತವೇ. ಆದರೆ ತಿಳಿ ಬಣ್ಣದ ಆಗ್ನೇಯದ ನಡುವೆ ಎಬೊನ್ಯಿ ಎಂಬ ಪುಟ್ಟ ರಾಜ್ಯ ಗಾಢವಾಗಿ ಎದ್ದು ನಿಂತಿತು. ಅದರ ಅಂಕಿ ಶೇ. 79.8. ಇನ್ನು ಕೂದಲೆಳೆಯಷ್ಟು ಹೆಚ್ಚಿದ್ದರೆ ಅದು ಸೊಕೊಟೊದ ಬಣ್ಣಕ್ಕೇ ಸೇರುತ್ತಿತ್ತು. ಛಾಯೆಗಳ ಗಡಿಯನ್ನು 80ರ ಬದಲು 75ಕ್ಕೆ ಇಟ್ಟರೆ ನಕಾಶೆ ಬೇರೆಯದೇ ಕಥೆ ಹೇಳುತ್ತದೆ ಎಂಬುದನ್ನು ಬೇರೊಂದು ಹಾಳೆಯಲ್ಲಿ ಬಣ್ಣ ತುಂಬಿಸಿಯೇ ತೋರಿಸಿದೆ. ಉತ್ತರ ಬಡ, ದಕ್ಷಿಣ ಶ್ರೀಮಂತ ಎಂಬ ಒಂದು ಸಾಲಿನ ಉತ್ತರಕ್ಕೆ ಎಬೊನ್ಯಿ ಒಗ್ಗದೆ ಉಳಿಯಿತು, ಹಾಗೆ ಉಳಿದದ್ದೇ ಒಳ್ಳೆಯದಾಯಿತು.

ಕೊನೆಗೆ ಬಣ್ಣವಿಲ್ಲದೆ ಉಳಿದದ್ದು ಈಶಾನ್ಯದ ಬೊರ್ನೊ. ಸಶಸ್ತ್ರ ದಂಗೆಯ ಕಾರಣದಿಂದ ಸಮೀಕ್ಷಕರು ಆ ರಾಜ್ಯದ ಬಹಳಷ್ಟು ಕಡೆ ಹೋಗಲಾಗದೆ, ರಾಜ್ಯವನ್ನೇ ಲೆಕ್ಕದಿಂದ ಹೊರಗಿಟ್ಟಿದ್ದರು. "ಖಾಲಿ ಬಿಟ್ರೆ ಅಲ್ಲಿ ಬಡತನವೇ ಇಲ್ಲ ಅನ್ನೋ ಹಾಗೆ ಕಾಣುತ್ತಲ್ಲ ಸರ್?" ಎಂದಳು ಬೆಳಗ್ಗೆ ಬಡ ದೇಶವೆಂದಿದ್ದ ಹುಡುಗಿ. ನಿಜ, ಬಿಳಿ ಜಾಗ ತಿಳಿ ಹಳದಿಗಿಂತಲೂ ತಿಳಿಯಾಗಿ ಕಾಣುತ್ತಿತ್ತು. ಅಕ್ಕಪಕ್ಕದ ರಾಜ್ಯಗಳ ಸರಾಸರಿಯನ್ನು ತುಂಬೋಣವೇ ಎಂದು ಒಬ್ಬ ಕೇಳಿದ. ಅದು ಊಹೆಯಾಗುತ್ತದೆಯೇ ಹೊರತು ಮಾಹಿತಿಯಾಗುವುದಿಲ್ಲ ಎಂದು ಅವರವರೇ ವಾದಿಸಿಕೊಂಡರು. ಕೊನೆಗೆ ಬೊರ್ನೊದ ಮೇಲೆ ಬೂದುಬಣ್ಣದ ಓರೆಗೆರೆಗಳನ್ನು ಎಳೆದು, ಸೂಚಿಯಲ್ಲಿ ‘ಸಮೀಕ್ಷೆಯ ಲೆಕ್ಕಕ್ಕೆ ಸೇರಿಲ್ಲ’ ಎಂದು ಬರೆದರು. ದೇಶದ ಸರಾಸರಿ 40.1 ಎನ್ನುವಾಗ ಬೊರ್ನೊವನ್ನು ಬಿಟ್ಟು ಎಂದು ಸೇರಿಸಬೇಕಾದದ್ದೂ ಆಗಲೇ ಅವರಿಗೆ ಹೊಳೆದದ್ದು.

ಬಣ್ಣದ ನಕಾಶೆಗೆ ಇನ್ನೊಂದು ಊನವಿದೆ. ಲಾಗೋಸ್ ರಾಜ್ಯದ ವಿಸ್ತೀರ್ಣ ಸುಮಾರು 3,500 ಚದರ ಕಿ.ಮೀ. ನಮ್ಮ ಹಾಳೆಯಲ್ಲಿ ಅದಕ್ಕೆ ಸಿಕ್ಕಿದ್ದು ಆರು ಚದರ ಸೆಂಟಿಮೀಟರಿಗೂ ಕಡಿಮೆ. ಅದೇ ನೈಜರ್ ರಾಜ್ಯ, ಸುಮಾರು 76,000 ಚದರ ಕಿ.ಮೀ. ಇರುವುದರಿಂದ, ನೂರಿಪ್ಪತ್ತಕ್ಕೂ ಹೆಚ್ಚು ಚದರ ಸೆಂಟಿಮೀಟರ್ ಹರಡಿಕೊಂಡಿತ್ತು. ದೇಶದ ಅತಿ ದೊಡ್ಡ ನಗರ, ಮುಖ್ಯ ಬಂದರು, ಬ್ಯಾಂಕುಗಳ ಮುಖ್ಯ ಕಚೇರಿಗಳೆಲ್ಲ ಕಿಕ್ಕಿರಿದಿರುವ ರಾಜ್ಯ ಬೆರಳಿನ ತುದಿಯಲ್ಲಿ ಮುಚ್ಚಿಹೋಗುತ್ತಿತ್ತು. ಅದಕ್ಕಾಗಿ ಟ್ರೇಸಿಂಗ್ ಹಾಳೆಯ ಮೇಲೆ ನಗರಗಳಿಗೆ ಗಾತ್ರಕ್ಕೆ ತಕ್ಕ ವೃತ್ತಗಳನ್ನು ಬರೆಸಿ ಮೇಲೆ ಹೊದಿಸಿದೆವು. ಲಾಗೋಸಿನ ವೃತ್ತ ರಾಜ್ಯದ ಗಡಿ ದಾಟಿ ಅರ್ಧ ಕಡಲ ಮೇಲೆ ಚಾಚಿತು. ನೋಟಕ್ಕೆ ಅಂದವಿರಲಿಲ್ಲ, ಆದರೆ ತೂಕ ಎಲ್ಲಿದೆ ಎಂಬುದು ಗೊತ್ತಾಗುತ್ತಿತ್ತು.

ರಾತ್ರಿಯ ಉಪಗ್ರಹ ಚಿತ್ರವನ್ನು ಪಕ್ಕದಲ್ಲಿಟ್ಟು ಹೋಲಿಸಿದಾಗ ಮಕ್ಕಳಿಗೆ ಹೊಸ ಗೊಂದಲ. ಲಾಗೋಸ್, ಅಬುಜಾ, ಕಾನೊಗಳ ಬೆಳಕು ವೃತ್ತಗಳಿಗೆ ಹೊಂದಿತು. ನದೀಮುಖದ ಜೌಗಿನಲ್ಲಿ ಮಾತ್ರ ನಮ್ಮ ವೃತ್ತಗಳಿಲ್ಲದ ಕಡೆಯೂ ಪ್ರಖರವಾದ ಚುಕ್ಕಿಗಳಿದ್ದವು. ಅವು ಊರುಗಳಲ್ಲ, ತೈಲದ ಜೊತೆ ಹೊರಬರುವ ಅನಿಲವನ್ನು ಬಾವಿಗಳ ಬಳಿಯಲ್ಲೇ ಸುಡುವ ಜ್ವಾಲೆಗಳು. ಬೆಳಕನ್ನೇ ಅಭಿವೃದ್ಧಿಯ ಅಳತೆಗೋಲು ಮಾಡಿಕೊಂಡರೆ, ಸುತ್ತಲ ಹಳ್ಳಿಗಳಿಗೆ ವಿದ್ಯುತ್ತೇ ಸರಿಯಾಗಿ ಇಲ್ಲದ ಜಾಗ ಮಹಾನಗರವಾಗಿ ತೋರುತ್ತದೆ. 1956ರಲ್ಲಿ ಒಲೊಯಿಬಿರಿಯಲ್ಲಿ ತೈಲ ಸಿಕ್ಕಿ, 1958ರಲ್ಲಿ ರಫ್ತು ಶುರುವಾದಂದಿನಿಂದ ದೇಶದ ರಫ್ತು ಆದಾಯಕ್ಕೆ ಆಧಾರವಾದದ್ದು ಇದೇ ಪ್ರದೇಶ. ಇಲ್ಲಿನ ಒಗೊನಿ ನಾಡಿನಲ್ಲಿ ತೈಲ ಸೋರಿ ಕೆಟ್ಟ ನೆಲ ಮತ್ತು ನೀರು ಚೇತರಿಸಿಕೊಳ್ಳಲು 25ರಿಂದ 30 ವರ್ಷ ಬೇಕಾಗಬಹುದೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲಿ ವರದಿ ಮಾಡಿತ್ತು. ಮಕ್ಕಳು ಅಲ್ಲಿ ತೈಲ ಗೋಪುರದ ಚಿಹ್ನೆಯ ಪಕ್ಕದಲ್ಲಿ ಸೋರಿಕೆಗೆಂದು ಕೆಂಪು ಗುರುತು ಹಾಕಿದರು.

ವ್ಯಾಪಾರದ ಬಾಣಗಳು ಕೊನೆಯ ಪದರ. ಕಚ್ಚಾ ತೈಲದ ದಪ್ಪ ಬಾಣ ಬೋನಿ ದ್ವೀಪದ ಕಡೆಯಿಂದ ಹೊರಗೆ, ಪೆಟ್ರೋಲಿನ ಬಾಣ ಲಾಗೋಸಿನ ಕಡೆಯಿಂದ ಒಳಗೆ. ತೈಲ ಮಾರುವ ದೇಶ ಪೆಟ್ರೋಲ್ ಕೊಳ್ಳುವುದೇಕೆ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಸರ್ಕಾರಿ ಸಂಸ್ಕರಣಾಗಾರಗಳು ದಶಕಗಳ ಕಾಲ ಕುಂಟುತ್ತ ಸಾಗಿದ್ದು ಅದಕ್ಕೆ ಮುಖ್ಯ ಕಾರಣ. ಲಾಗೋಸ್ ರಾಜ್ಯದ ಲೆಕ್ಕಿಯಲ್ಲಿ ದಿನಕ್ಕೆ 6,50,000 ಬ್ಯಾರೆಲ್ ಸಾಮರ್ಥ್ಯದ ಖಾಸಗಿ ಡಾಂಗೋಟೆ ಸಂಸ್ಕರಣಾಗಾರ 2023ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡು, 2024ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿದೆ. ಹಾಗಾದರೆ ಒಳಬರುವ ಬಾಣವನ್ನು ಅಳಿಸಬೇಕೇ, ಇರಲಿ ಎನ್ನಬೇಕೇ ಎಂಬ ಚರ್ಚೆ ಸಾಕಷ್ಟು ಹೊತ್ತು ನಡೆಯಿತು. ಅಳಿಸಿದರೆ ಆಮದು ನಿಂತೇಹೋಗಿದೆ ಎಂದಂತಾಗುತ್ತದೆ, ಉಳಿಸಿದರೆ ಸಂಸ್ಕರಣಾಗಾರವನ್ನು ಕಡೆಗಣಿಸಿದಂತಾಗುತ್ತದೆ. ಅದನ್ನು ಚುಕ್ಕಿಗೆರೆಯ ತೆಳು ಬಾಣವಾಗಿಸಿ, ಲೆಕ್ಕಿಯಿಂದ ದೇಶದೊಳಕ್ಕೆ ಹೊಸದೊಂದು ಬಾಣ ಎಳೆದು, ಎರಡರ ಮುಂದೆಯೂ 2024 ಎಂದು ಬರೆದರು. ಹಾಳೆ ಈಗ ಕೊಠಡಿಯ ಗೋಡೆಯ ಮೇಲಿದೆ. ಮುಂದಿನ ತಂಡ ಕಾನೊದಿಂದ ಶುರುಮಾಡಿ ಕಾರ್ಖಾನೆಗಳ ಪದರವನ್ನು ಸೇರಿಸಬೇಕಿದೆ.