ಎರಡು ಕೀಮೋಗಳ ನಡುವೆ, ಪರೇಲಿನ ಬಾಡಿಗೆ ಕೋಣೆಯಲ್ಲಿ

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಎಎಲ್‌ಎಲ್. ಅದರ ಚಿಕಿತ್ಸೆ ಎರಡು, ಎರಡೂವರೆ ವರ್ಷ ಹಿಡಿಯುತ್ತದೆ. ಕಲಬುರಗಿ, ವಿಜಯಪುರದ ಕಡೆಯಿಂದ ಮುಂಬೈನ ಪರೇಲಿನಲ್ಲಿರುವ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ಗೆ ಬಂದವರಿಗೆ ಬೇಗನೆ ಗೊತ್ತಾಗುವ ಸಂಗತಿಯೆಂದರೆ, ಇಷ್ಟು ಕಾಲದಲ್ಲಿ ವಾರ್ಡಿನಲ್ಲಿ ಮಲಗುವ ದಿನಗಳು ಕಡಿಮೆ. ಉಳಿದದ್ದೆಲ್ಲ ಡೇ ಕೇರ್ (ಔಷಧ ಹಾಕಿಸಿಕೊಂಡು ಅಂದೇ ಮರಳುವುದು), ಒಪಿಡಿ ಮತ್ತು ಬಾಡಿಗೆ ಕೋಣೆ. ಕೋಣೆಯಲ್ಲಿ ನರ್ಸ್ ಕೆಲಸ ಅಪ್ಪ ಅಮ್ಮನದೇ.

ಕೋಣೆ ಹುಡುಕುವ ಮೊದಲು ಆಸ್ಪತ್ರೆಯ ಸೋಶಿಯಲ್ ವರ್ಕರ್ ಹತ್ತಿರ ಸೇಂಟ್ ಜೂಡ್ ಕೇಂದ್ರಗಳ ಬಗ್ಗೆ ಕೇಳಿ. ಚಿಕಿತ್ಸೆಯಲ್ಲಿರುವ ಮಕ್ಕಳ ಕುಟುಂಬಕ್ಕೆ ಅಲ್ಲಿ ಉಚಿತ ವಸತಿ, ಆದರೆ ಆಸ್ಪತ್ರೆಯೇ ಹೆಸರು ಕಳಿಸಬೇಕು. ಅಲ್ಲಿ ಸಿಗದಿದ್ದರೆ ಬಾಡಿಗೆ ನಾಲ್ಕು ಕಾಸು ಹೆಚ್ಚಾದರೂ ಹತ್ತಿರದಲ್ಲೇ ಹಿಡಿಯುವುದು ಲೇಸು. ಜೋರು ಮಳೆ ಬಂದರೆ ಪಕ್ಕದ ತಗ್ಗು ಪ್ರದೇಶ ಹಿಂದ್‌ಮಾತಾ ಬಳಿ ನೀರು ನಿಂತು ಟ್ಯಾಕ್ಸಿಗಳು ಬರಲು ಒಪ್ಪುವುದಿಲ್ಲ. ಜ್ವರ ಬರುವುದಕ್ಕೂ ರಾತ್ರಿಯೇ ಆಗಬೇಕು.

ಜ್ವರದ ವಿಷಯಕ್ಕೇ ಬರೋಣ, ಎಲ್ಲಕ್ಕಿಂತ ಮುಖ್ಯ ಅದೇ. ಕೀಮೋ ಆದ ಒಂದೆರಡು ವಾರದಲ್ಲಿ ಕೌಂಟ್ಸ್, ಅಂದರೆ ರಕ್ತಕಣಗಳ ಸಂಖ್ಯೆ, ಇಳಿಯುತ್ತದೆ. ರಿಪೋರ್ಟಿನಲ್ಲಿ ಒಟ್ಟು ಬಿಳಿ ರಕ್ತಕಣ 1200, ಅದರಲ್ಲಿ ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಕಣ ಶೇ. 30 ಎಂದಿದ್ದರೆ 1200ರಲ್ಲಿ ಶೇ. 30 ಅಂದರೆ 360. ಇದನ್ನೇ ಎಎನ್‌ಸಿ ಅನ್ನುವುದು. 500ಕ್ಕಿಂತ ಕೆಳಗಿಳಿದರೆ ಸೋಂಕನ್ನು ತಡೆಯುವ ಪಡೆಯೇ ಇಲ್ಲವೆಂದು ಲೆಕ್ಕ. ಆಗ ಗಾಯ ಕೆಂಪಾಗದಿರಬಹುದು, ಕೀವು ಕಟ್ಟದಿರಬಹುದು, ಎಷ್ಟೋ ಸಲ ಜ್ವರವೊಂದೇ ಸುಳಿವು. ಮಗು ಮೊಬೈಲ್ ನೋಡುತ್ತಾ ನಗುತ್ತಿದ್ದರೂ ರಕ್ತದಲ್ಲಿ ಸೋಂಕು ಇರಬಹುದು.

ಹಣೆ ಮುಟ್ಟಿ ನೋಡಿ ತೀರ್ಮಾನಿಸಬೇಡಿ. ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ಬೀಪ್ ಆಗುವವರೆಗೆ ತೋಳನ್ನು ಒತ್ತಿ ಹಿಡಿಯಿರಿ. 101 ಡಿಗ್ರಿ ಒಮ್ಮೆ ಬಂದರೆ, ಅಥವಾ 100.4 ಒಂದು ತಾಸು ಇಳಿಯದೆ ನಿಂತರೆ, ಹೊರಡಿ. ನಿಮ್ಮ ಫೈಲಿನಲ್ಲಿ ಡಾಕ್ಟರು ಬೇರೆ ಅಂಕಿ ಬರೆದಿದ್ದರೆ ಅದನ್ನೇ ಪಾಲಿಸಿ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಬ್ರೂಫೆನ್, ಕಾಂಬಿಫ್ಲಾಮ್ ಬೇಡವೇ ಬೇಡ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆ ಇರುವಾಗ ರಕ್ತ ಸೋರುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಆಗಲಿ, ಮಲಬದ್ಧತೆಗೆ ಎನಿಮಾ ಆಗಲಿ ಬಳಸುವಂತಿಲ್ಲ. ಕ್ಯಾಶುವಾಲ್ಟಿಗೆ ಹೋದಾಗ ಸರದಿಯಲ್ಲಿ ಸುಮ್ಮನೆ ಕೂರಬೇಡಿ. ಹಿಂದಿ ಬರದಿದ್ದರೂ ಇಷ್ಟು ಬಾಯಿಪಾಠ ಇರಲಿ: 'ಕೀಮೋ ಚಾಲೂ ಹೈ, ಬುಖಾರ್ ಹೈ.' ಆಸ್ಪತ್ರೆ ತಲುಪಿದ ಒಂದು ತಾಸಿನೊಳಗೆ ಆಂಟಿಬಯಾಟಿಕ್ ನರಕ್ಕೆ ಹೋಗಬೇಕು ಎಂಬುದು ಎಲ್ಲೆಡೆ ಪಾಲಿಸುವ ಗುರಿ. ಔಷಧ ಕೊಡಲು ರಕ್ತನಾಳಕ್ಕೆ ಹಾಕಿರುವ ನಳಿಗೆಯನ್ನು (ಪಿಕ್ ಲೈನ್ ಅಥವಾ ಪೋರ್ಟ್) ಫ್ಲಶ್ ಮಾಡಿದ, ಅಂದರೆ ದ್ರವ ಹಾಯಿಸಿ ತೊಳೆದ, ಸ್ವಲ್ಪ ಹೊತ್ತಿಗೆ ಮಗು ಗಡಗಡ ನಡುಗಿದರೆ ಲೈನಿನಲ್ಲೇ ಸೋಂಕು ಇರಬಹುದು, ಜ್ವರ ಏರಲೆಂದು ಕಾಯಬೇಡಿ.

ಹೊರಡುವ ಚೀಲ ಬಾಗಿಲ ಪಕ್ಕ ಸದಾ ಸಿದ್ಧ ಇರಲಿ: ಫೈಲ್, ಕೊನೆಯ ಸಿಬಿಸಿ (ರಕ್ತಕಣ ಪರೀಕ್ಷೆ) ರಿಪೋರ್ಟ್, ಒಂದು ಜೊತೆ ಬಟ್ಟೆ, ಚಾರ್ಜರ್, ಚಿಲ್ಲರೆ ಹಣ.

ಮಾತ್ರೆಗಳಲ್ಲಿ ಪ್ರಾಣಕ್ಕೆ ಕುತ್ತು ತರುವ ತಪ್ಪು ಮೆಥೊಟ್ರೆಕ್ಸೇಟ್‌ನದು. ಅದು ವಾರಕ್ಕೆ ಒಂದೇ ದಿನ. ದಿನಾ ಕೊಟ್ಟರೆ ಬಾಯಿ ತುಂಬಾ ಹುಣ್ಣಾಗಿ ರಕ್ತ ಹುಟ್ಟಿಸುವ ಮೂಳೆಮಜ್ಜೆಯೇ ಕೈಕೊಡುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಒಂದು ದಿನವನ್ನು ಕೆಂಪು ಪೆನ್ನಿನಿಂದ ಸುತ್ತಿ, ಅಜ್ಜಿಗೂ ತೋರಿಸಿ. 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್) ಮಾತ್ರೆ ದಿನಾ, ಒಂದೇ ಹೊತ್ತಿಗೆ. ಅರ್ಧ ಮಾಡುವುದಿದ್ದರೆ ಗ್ಲೌಸ್ ಹಾಕಿ, ಬಸುರಿಯರು ಮುಟ್ಟಬಾರದು. ಕೊಟ್ಟ ಮೇಲೆ ವಾಂತಿಯಾದರೆ ಕೇಳದೆ ಮತ್ತೆ ಕೊಡಬೇಡಿ.

ಸ್ಟಿರಾಯ್ಡ್ ಶುರುವಾದ ಮೇಲೆ ಮಗು ನಡುರಾತ್ರಿ ಎದ್ದು ಅನ್ನ ಕೇಳುತ್ತದೆ, ಕೊಡದಿದ್ದರೆ ಕಿರುಚುತ್ತದೆ. ಅದು ಹಟವಲ್ಲ, ಔಷಧದ ಆಟ, ಹೊಡೆಯಬೇಡಿ. ಬಿಪಿ, ಸಕ್ಕರೆ ಏರುವುದರಿಂದ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ಸಿಹಿ ಬದಿಗಿಡಿ. ಇಡ್ಲಿ, ಬಿಸಿ ಅನ್ನ ಬೇಳೆ, ಹಾಲಲ್ಲಿ ನೆನೆಸಿದ ರೊಟ್ಟಿ ನಡೆಯುತ್ತದೆ. ಬೇಯಿಸಿದ್ದು, ಬಿಸಿಯಾದದ್ದು, ಕುದಿಸಿದ ನೀರು. ಬಾಳೆ, ಕಿತ್ತಳೆಯಂಥ ಸುಲಿಯುವ ಹಣ್ಣು ಸರಿ, ಸಿಪ್ಪೆ ತೊಳೆದು ಸುಲಿಯಿರಿ. ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಬೀದಿಯ ಜ್ಯೂಸ್ ಬೇಡ.

ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ನಂತರ ಹೊಟ್ಟೆ ಕಟ್ಟುವುದು, ದವಡೆ ನೋವು, ಪಾದ ಎಳೆದು ನಡೆಯುವುದು ಕಾಣಬಹುದು. 'ಇದೆಲ್ಲ ಸಾಮಾನ್ಯ' ಎಂದು ಮುಚ್ಚಿಡದೆ ಮುಂದಿನ ಒಪಿಡಿಯಲ್ಲಿ ಹೇಳಿ. ಹೊಟ್ಟೆ ಉಬ್ಬಿ ನೋವಾದರೆ ಅಲ್ಲಿಯವರೆಗೂ ಕಾಯಬೇಡಿ.

ಊರಿಗೆ ಹೋಗಲು ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ರಿಯಾಯಿತಿ ಇದೆ: ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಮಗುವಿಗೆ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಶೇ. 75. ಆಸ್ಪತ್ರೆಯ ಫಾರ್ಮ್ ಹಿಡಿದು ಸ್ಟೇಷನ್ ಕೌಂಟರಿನಲ್ಲೇ ತೆಗೆಸಬೇಕು. ಊರಿನ ಡಾಕ್ಟರಿಗೆ ತೋರಿಸಲು ಒಂದು ಚೀಟಿ ಬರೆಸಿಕೊಳ್ಳಿ. ಜ್ವರ ಎಂದ ಕೂಡಲೇ ಸೊಂಟಕ್ಕೆ ಇಂಜೆಕ್ಷನ್ ಚುಚ್ಚುವ ಅಭ್ಯಾಸ ನಮ್ಮ ಕಡೆ ಇದೆಯಲ್ಲ, ಅದನ್ನು ತಡೆಯಲು. ಅಕ್ಕಪಕ್ಕದ ಮನೆಯಲ್ಲಿ ಸೀತಾಳೆ ಸಿಡುಬು (ಚಿಕನ್ ಪಾಕ್ಸ್) ಇದ್ದು ಮಗು ಅಲ್ಲಿ ಆಡಿಬಂದಿದ್ದರೆ ಗುಳ್ಳೆ ಏಳುವವರೆಗೆ ನೋಡುವುದು ಬೇಡ, ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ತಮ್ಮ ತಂಗಿಯರಿಗೆ ಪೋಲಿಯೊ ಹನಿ ಹಾಕಿಸುವ ಮುಂಚೆಯೂ ಡಾಕ್ಟರನ್ನು ಕೇಳಿ. ಹನಿಯಲ್ಲಿರುವುದು ಜೀವಂತ ವೈರಸ್, ಬದಲಿಗೆ ಇಂಜೆಕ್ಷನ್ ಇದೆ.