ಜೆಎಲ್‌ಎಚ್ ಕ್ಲಾಸ್ ಎ: 10 ವ್ಯಾಟ್‌ನಿಂದ 20ಕ್ಕೆ ಏರಿಸುವುದು ಹೇಗೆ

ಜಾನ್ ಲಿನ್ಸ್ಲಿ ಹುಡ್ (ಜೆಎಲ್‌ಎಚ್) ಅವರ ನಾಲ್ಕು ಟ್ರಾನ್ಸಿಸ್ಟರಿನ ಆಂಪ್ಲಿಫೈಯರ್ 1969ರ ಏಪ್ರಿಲ್‌ನಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಬಂದದ್ದು. 8 ಓಮ್ ಸ್ಪೀಕರಿಗೆ 27 ವೋಲ್ಟ್ ಸಪ್ಲೈ, 1.2 ಆಂಪಿಯರ್, 10 ವ್ಯಾಟ್ ಔಟ್‌ಪುಟ್. ಕ್ಲಾಸ್ ಎ ಎಂದರೆ ಹಾಡು ಇಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ಕರೆಂಟು ಹರಿಯುತ್ತಲೇ ಇರುವ ಬಗೆ. ಹಾಡು ಕೇಳಲು ಇಷ್ಟು ಧಾರಾಳ ಸಾಕು. ಯಕ್ಷಗಾನದ ರೆಕಾರ್ಡಿಂಗ್ ಹಾಕಿದಾಗ ಮಾತ್ರ ಕೊರತೆ ಗೊತ್ತಾಗುತ್ತದೆ: ಭಾಗವತರ ಪದ ಹಿತವಾಗಿ ಕೇಳುವ ಮಟ್ಟದಲ್ಲಿಟ್ಟರೆ ಚೆಂಡೆಯ ಪೆಟ್ಟು ಬಿದ್ದಾಗ ಶಬ್ದ ಒಡೆಯುತ್ತದೆ. 20 ವ್ಯಾಟಿಗೆ ಏರಿಸಿದರೆ ಸಿಗುವುದು 3 ಡೆಸಿಬಲ್ ಅಷ್ಟೇ. ಶಬ್ದ ಇಮ್ಮಡಿಯಾದಂತೆ ಕೇಳುವುದಿಲ್ಲ, ಆದರೆ ಆ ಪೆಟ್ಟುಗಳಿಗೆ ಜಾಗ ಸಿಗುತ್ತದೆ. ಈ ಕೆಲಸಕ್ಕೆ ಕೈ ಹಾಕಲು ಅಷ್ಟು ಕಾರಣ ಸಾಕು.

ವೋಲ್ಟೇಜ್ ಒಂದನ್ನೇ ಏರಿಸಿದರೆ ಪವರ್ ಬರುವುದಿಲ್ಲ. 8 ಓಮ್‌ಗೆ 20 ವ್ಯಾಟ್ ಎಂದರೆ ಅಲೆಯ ತುದಿಯಲ್ಲಿ 17.9 ವೋಲ್ಟ್, 2.24 ಆಂಪಿಯರ್. ಮೇಲಿಂದ ಕೆಳಗಿನವರೆಗೆ 36 ವೋಲ್ಟ್ ಓಡಾಡಬೇಕು. ಟ್ರಾನ್ಸಿಸ್ಟರುಗಳಲ್ಲಿ ಕಳೆಯುವುದು, ಮನೆಯ ಕರೆಂಟು ಇಳಿಯುವುದು ಎರಡನ್ನೂ ಲೆಕ್ಕ ಹಿಡಿದರೆ 40 ವೋಲ್ಟ್ ಬೇಕು. ಮೂಲ ಸರ್ಕ್ಯೂಟಿನಲ್ಲಿ 1.58 ಆಂಪಿಯರ್ ತುದಿಗೆ 1.2 ಆಂಪಿಯರ್ ಬಯಾಸ್ (ಹಾಡು ಇಲ್ಲದಾಗಲೂ ಹರಿಯುವ ಕರೆಂಟು) ಇತ್ತು. ಅದೇ ಅನುಪಾತ ಹಿಡಿದರೆ ಈಗ 1.7 ಆಂಪಿಯರ್. ಸ್ಪೀಕರ್ 4 ಓಮ್‌ನದಾದರೆ ಇಷ್ಟೆಲ್ಲ ಮಾಡಿಯೂ ಸುಮಾರು 10 ವ್ಯಾಟಿಗೇ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಮೊದಲು ಮುಗಿಯುವುದು ಕರೆಂಟು. ಮೊದಲು ನಿಮ್ಮ ಸ್ಪೀಕರಿನ ಹಿಂಭಾಗ ನೋಡಿಕೊಳ್ಳಿ.

ಇನ್ನು ಬಿಸಿಯ ವಿಷಯ. ನಿಜವಾದ ಕೆಲಸ ಇರುವುದು ಇಲ್ಲೇ. 40 ವೋಲ್ಟ್, 1.7 ಆಂಪಿಯರ್ ಎಂದರೆ ಪ್ರತಿ ಚಾನಲ್ಲಿಗೆ 68 ವ್ಯಾಟ್, ಅದೂ ಹಾಡು ಇರಲಿ ಬಿಡಲಿ. ಮೊದಲು ಇದ್ದದ್ದು 32 ವ್ಯಾಟ್. ಆಗ ಸರಿಯಾಗಿದ್ದ 0.9 ಡಿಗ್ರಿ ಪ್ರತಿ ವ್ಯಾಟ್‌ನ (ಒಂದೊಂದು ವ್ಯಾಟಿಗೆ 0.9 ಡಿಗ್ರಿ ಬಿಸಿಯೇರುವ) ಹೀಟ್ ಸಿಂಕನ್ನೇ, ಅಂದರೆ ಬಿಸಿಯನ್ನು ಗಾಳಿಗೆ ಬಿಡುವ ರೆಕ್ಕೆಯ ಲೋಹವನ್ನೇ, ಉಳಿಸಿಕೊಂಡರೆ ಏಪ್ರಿಲ್-ಮೇ ತಿಂಗಳ ಕಾಸರಗೋಡಿನ ಸೆಕೆಯಲ್ಲಿ, ಕೋಣೆ 35 ಡಿಗ್ರಿ ಇದ್ದಾಗ, ಅದು 96 ಡಿಗ್ರಿಗೆ ಏರುತ್ತದೆ. ಚಳಿ ದೇಶದವರು ಕೊಟ್ಟ ಹೀಟ್ ಸಿಂಕ್ ಅಳತೆಯನ್ನು ಕಣ್ಣು ಮುಚ್ಚಿ ಒಪ್ಪಬಾರದು. 65 ಡಿಗ್ರಿಯಲ್ಲಿ ನಿಲ್ಲಿಸಬೇಕಾದರೆ ಪ್ರತಿ ಚಾನಲ್ಲಿಗೆ 0.44 ಡಿಗ್ರಿ ಪ್ರತಿ ವ್ಯಾಟ್‌ನದು ಬೇಕು. ಹೊಸದು ದುಬಾರಿ; ಹಳೆಯ ಇನ್ವರ್ಟರ್, ವೆಲ್ಡಿಂಗ್ ಮೆಷಿನ್‌ಗಳ ದಪ್ಪ ಅಲ್ಯೂಮಿನಿಯಂ ಸಿಂಕ್ ಗುಜರಿ ಅಂಗಡಿಯಲ್ಲಿ ಸಿಕ್ಕಿದರೆ ಬಿಡಬೇಡಿ. ರೆಕ್ಕೆಗಳು ನೆಟ್ಟಗೆ ನಿಂತಿರಬೇಕು, ಕೆಳಗೂ ಮೇಲೂ ಗಾಳಿ ಹಾಯಬೇಕು. ಕಪಾಟಿನೊಳಗೆ ಇಡುವಂತಿಲ್ಲ. ಪೆಟ್ಟಿಗೆಯ ತೂತುಗಳಿಗೆ ಬಲೆ ಹಾಕಿ, ಹಲ್ಲಿ ಒಳಗೆ ಹೋದರೆ ಶಾರ್ಟ್ ಆಗುತ್ತದೆ.

ಔಟ್‌ಪುಟ್‌ಗೆ 2ಎನ್3055 ಟ್ರಾನ್ಸಿಸ್ಟರಿನ ಬದಲು ಎಂಜೆ15003 ಹಾಕುವುದು ಒಳ್ಳೆಯದು. ಒಳಗಿನ ಚಿಪ್‌ನಿಂದ ಕವಚದವರೆಗಿನ ಉಷ್ಣ ತಡೆ ಅದರಲ್ಲಿ ವ್ಯಾಟಿಗೆ 0.7 ಡಿಗ್ರಿ, 2ಎನ್3055ರಲ್ಲಿ 1.5. ಮೈಕಾ ಮತ್ತು ಪೇಸ್ಟಿಗೆ 0.5 ಸೇರಿಸಿದರೆ, ತಲಾ 34 ವ್ಯಾಟಿಗೆ ಚಿಪ್ 106 ಡಿಗ್ರಿಯಲ್ಲಿ ಇರುತ್ತದೆ. ನಕಲಿ ಮಾಲು ಬಹಳ. ಬೋರ್ಡಿಗೆ ಹಾಕುವ ಮೊದಲೇ ಪ್ರತಿಯೊಂದನ್ನೂ ಹೀಟ್ ಸಿಂಕಿಗೆ ಬಿಗಿದು 20 ವೋಲ್ಟ್, 1.7 ಆಂಪಿಯರಿನಲ್ಲಿ ಅರ್ಧ ಗಂಟೆ ಓಡಿಸಿ. ನಕಲಿಯಾದರೆ ಅಲ್ಲೇ ಸುಟ್ಟುಹೋಗುತ್ತದೆ, ಸ್ಪೀಕರ್ ಉಳಿಯುತ್ತದೆ. ಆಗಲೇ ಬೇಸ್ ಕರೆಂಟ್ ಅಳೆದು ಗೇನ್ (ಬೇಸ್ ಕರೆಂಟಿನ ಎಷ್ಟು ಪಟ್ಟು ಕರೆಂಟು ಟ್ರಾನ್ಸಿಸ್ಟರಿನಲ್ಲಿ ಹರಿಯುತ್ತದೆ ಎಂಬುದು) ಬರೆದಿಟ್ಟುಕೊಂಡು, ಹತ್ತಿರದ ಗೇನ್ ಇರುವ ಎರಡನ್ನು ಜೋಡಿ ಮಾಡಿ.

ಆ ಗೇನ್ ಬೇಕಾಗುವುದು ಬಯಾಸ್ ರೆಸಿಸ್ಟರುಗಳ ಲೆಕ್ಕಕ್ಕೆ. ಗೇನ್ 60 ಎಂದುಕೊಳ್ಳಿ: 1.7 ಆಂಪಿಯರಿಗೆ ಒಂದೊಂದು ಬೇಸಿಗೆ 28 ಮಿಲಿಆಂಪಿಯರ್, ಎರಡಕ್ಕೆ 57. ಬೂಟ್‌ಸ್ಟ್ರಾಪಿನ (ಔಟ್‌ಪುಟ್ ವೋಲ್ಟೇಜನ್ನು ಕೆಪಾಸಿಟರ್ ಮೂಲಕ ಹಿಂದಕ್ಕೆ ಕೊಡುವ ಜಾಗದ) ಎರಡು ರೆಸಿಸ್ಟರುಗಳ ಮೇಲೆ ಬೀಳುವುದು ಸುಮಾರು 19.3 ವೋಲ್ಟ್, ಹಾಗಾಗಿ ಒಟ್ಟು 340 ಓಮ್. ಮೇಲಿನದು 100 ಓಮ್ ಇರಲಿ; ಕೆಳಗಿನದಕ್ಕೆ 150 ಓಮ್ ಮತ್ತು ಅದರ ಜೊತೆ ಸೀರೀಸಿನಲ್ಲಿ 200 ಓಮ್‌ನ ವೈರ್‌ವೌಂಡ್ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್). ಹೆಚ್ಚಿನವರು ಎಡವುವುದು ಆ 100 ಓಮ್‌ನಲ್ಲಿ. ಡಿಸಿ ಲೆಕ್ಕ ಮಾಡಿದರೆ 0.3 ವ್ಯಾಟ್ ಮಾತ್ರ, ಅರ್ಧ ವ್ಯಾಟಿನದು ಸಾಕೆನಿಸುತ್ತದೆ. ಆದರೆ ಅದರ ಒಂದು ತುದಿ ಔಟ್‌ಪುಟ್ ಜೊತೆಗೇ ಕುಣಿಯುತ್ತದೆ. ಪೂರ್ಣ ಪವರಿನಲ್ಲಿ 12.65 ವೋಲ್ಟ್ ಎಸಿ ಇನ್ನೂ 1.6 ವ್ಯಾಟ್ ಸೇರಿಸುತ್ತದೆ. 5 ವ್ಯಾಟಿನದೇ ಹಾಕಿ. ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರಿಗೂ ಈಗ ಅರ್ಧ ವ್ಯಾಟಿಗಿಂತ ಹೆಚ್ಚು ಬಿಸಿ: ಬಿಡಿ139ಕ್ಕೆ ಚಿಕ್ಕ ಅಲ್ಯೂಮಿನಿಯಂ ತಗಡು ಕಟ್ಟಿ. ಔಟ್‌ಪುಟ್ ಕೆಪಾಸಿಟರ್ 4700 ಮೈಕ್ರೋಫ್ಯಾರಡ್, 50 ವೋಲ್ಟ್. ಸಪ್ಲೈಯಲ್ಲಿ 63 ವೋಲ್ಟಿನವು. ಫೀಡ್‌ಬ್ಯಾಕ್ ಮುಟ್ಟುವುದು ಬೇಡ.

ಸಪ್ಲೈಗೆ ಪ್ರತಿ ಚಾನಲ್ಲಿಗೂ 32 ವೋಲ್ಟ್, 5 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಬೇರೆ ಬೇರೆ ಸುತ್ತಿಸಿ. ಡಿಸಿ 1.7 ಆದರೂ ಸುರುಳಿಯಲ್ಲಿ ಹರಿಯುವುದು 3 ಆಂಪಿಯರಿನಷ್ಟು, ಅದೂ ನಿಲ್ಲದೆ. ಸುತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕು. 10,000 ಮೈಕ್ರೋಫ್ಯಾರಡ್ ಹಾಕಿದರೂ ಒಂದು ವೋಲ್ಟಿಗೂ ಹೆಚ್ಚು ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ಉಳಿಯುತ್ತದೆ, ಅದು ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಬಿಡಿ139 ಮತ್ತು ಎಂಜೆ15003 ಡಾರ್ಲಿಂಗ್‌ಟನ್ (ಒಂದರ ಎಮಿಟರ್ ಇನ್ನೊಂದರ ಬೇಸಿಗೆ ಸೇರುವ ಜೋಡಿ) ಮಾಡಿ ಕೆಪಾಸಿಟೆನ್ಸ್ ಮಲ್ಟಿಪ್ಲೈಯರ್, ಅಂದರೆ ರಿಪಲ್ ಸೋಸುವ ಸರ್ಕ್ಯೂಟ್, ಕಟ್ಟಿದರೆ ಸದ್ದಡಗುತ್ತದೆ: ಬೇಸಿಗೆ 1 ಕಿಲೋ ಓಮ್, ಅಲ್ಲಿಂದ ಗ್ರೌಂಡಿಗೆ 1000 ಮೈಕ್ರೋಫ್ಯಾರಡ್ ಮತ್ತು 33 ಕಿಲೋ ಓಮ್. ಇದು 3 ವೋಲ್ಟ್ ನುಂಗಿ 40ರ ಹತ್ತಿರ ಬಿಡುತ್ತದೆ. ಆ 33 ಕಿಲೋ ಬಿಟ್ಟರೆ ರಿಪಲ್‌ನ ತಗ್ಗುಗಳಲ್ಲಿ ಟ್ರಾನ್ಸಿಸ್ಟರಿಗೆ ಉಸಿರಾಡಲು ವೋಲ್ಟೇಜ್ ಸಾಲದೆ ಗುಂಯ್ ಮರಳುತ್ತದೆ.

ಮೊದಲ ಸಲ ಕರೆಂಟು ಕೊಡುವಾಗ 100 ವ್ಯಾಟಿನ ಬುರುಡೆ ಬಲ್ಬ್ ಸೀರೀಸಿನಲ್ಲಿ ಇರಲಿ, ಸ್ಪೀಕರ್ ಬದಲು 8 ಓಮ್, 50 ವ್ಯಾಟಿನ ರೆಸಿಸ್ಟರ್ ಇರಲಿ, ಪ್ರಿಸೆಟ್ ಹೆಚ್ಚಿನ ಓಮ್‌ನಲ್ಲಿರಲಿ. ಬಲ್ಬ್ ಇರುವಾಗ ನೋಡಬೇಕಾದ್ದು ಶಾರ್ಟ್ ಇದೆಯೇ ಎಂದಷ್ಟೇ. ಅದನ್ನು ತೆಗೆದ ಮೇಲೆ ಮಧ್ಯಬಿಂದುವನ್ನು (ಎರಡು ಔಟ್‌ಪುಟ್ ಟ್ರಾನ್ಸಿಸ್ಟರು ಸೇರುವ ಜಾಗ) 20 ವೋಲ್ಟಿಗೆ ತಂದು, ಸಪ್ಲೈ ತಂತಿಯಲ್ಲಿ 0.1 ಓಮ್ ಹಾಕಿ 140 ಮಿಲಿವೋಲ್ಟ್ ಬರುವಷ್ಟು ಮಾತ್ರ ಏರಿಸಿ. ಬಿಸಿಯಾದಂತೆ ಗೇನ್ ಹೆಚ್ಚಿ ಕರೆಂಟು ತಾನಾಗಿ ಏರುತ್ತದೆ, ಆದ್ದರಿಂದ ತಣ್ಣಗಿರುವಾಗಲೇ 170ಕ್ಕೆ ಇಡಬಾರದು. ಮುಕ್ಕಾಲು ಗಂಟೆ ಬಿಟ್ಟು 170ಕ್ಕೆ ಹೊಂದಿಸಿ, ಮಧ್ಯಬಿಂದುವನ್ನು ಮತ್ತೆ ನೋಡಿ. 100 ಹರ್ಟ್ಸ್ ಕೊಟ್ಟು ರೆಸಿಸ್ಟರಿನ ಮೇಲೆ 12.6 ವೋಲ್ಟ್ ಎಸಿ ಬಂದಾಗ ಸ್ಕೋಪಿನಲ್ಲಿ ತುದಿ ಚಪ್ಪಟೆಯಾಗದಿದ್ದರೆ 20 ವ್ಯಾಟ್ ಬಂದಂತೆ. ಮೇಲಿನ ತುದಿ ಮಾತ್ರ ಬೇಗ ಕತ್ತರಿಸಿದರೆ ಬಯಾಸ್ ಕರೆಂಟ್ ಕಡಿಮೆ ಇದೆಯೋ ನೋಡಿ. ಕೈ ಹತ್ತಿರ ತಂದಾಗ ಕರೆಂಟು ಜಿಗಿದರೆ ಆಸಿಲೇಶನ್, ಅಂದರೆ ಆಂಪ್ಲಿಫೈಯರ್ ತಾನಾಗಿಯೇ ಕಂಪಿಸುತ್ತಿದೆ. ಔಟ್‌ಪುಟ್ಟಿಗೆ ಅಡ್ಡಲಾಗಿ 10 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸೀರೀಸಿನಲ್ಲಿ ಹಾಕಿ, ಔಟ್‌ಪುಟ್ ಟ್ರಾನ್ಸಿಸ್ಟರಿನ ತಂತಿಗಳನ್ನು ಗಿಡ್ಡ ಮಾಡಿ.

ಎರಡು ಚಾನಲ್ ಸೇರಿ ಗೋಡೆಯಿಂದ 160 ವ್ಯಾಟಿಗೂ ಮೇಲೆ ಎಳೆಯುತ್ತದೆ, ಆರು ಗಂಟೆಗೆ ಸುಮಾರು ಒಂದು ಯೂನಿಟ್. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಮಳೆಗೆ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.