ಗುಡ್‌ವುಡ್‌ಗೆ ಹೋಗುವುದಾದರೆ ಅಜ್ಜನ ಕೋಟು ಹೊರಗೆ ತೆಗೆಯಿರಿ

ಟ್ರ್ಯಾಕ್ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಹರಳೆಣ್ಣೆ ವಾಸನೆ ಬಡಿಯಿತು. ಚಿಕ್ಕಂದಿನಲ್ಲಿ ಭಾನುವಾರ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದರಲ್ಲ, ಅದೇ ಎಣ್ಣೆ, ಸ್ವಲ್ಪ ಸೀದ ವಾಸನೆ. ಹಳೇ ರೇಸ್ ಕಾರುಗಳಿಗೆ ಹರಳೆಣ್ಣೆಯಿಂದ ಮಾಡಿದ ಎಂಜಿನ್ ಆಯಿಲ್ ಹಾಕುವವರು ಈಗಲೂ ಇದ್ದಾರೆ. ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂದದ್ದೇ ಕ್ಯಾಸ್ಟರ್ ಆಯಿಲ್‌ನಿಂದ. ಇದು ಯಾವ ವಿಡಿಯೋದಲ್ಲೂ ಸಿಗುವುದಿಲ್ಲ, ಹೋಗಿಯೇ ನೋಡಬೇಕು.

ನಾನು ಹೇಳುತ್ತಿರುವುದು ಇಂಗ್ಲೆಂಡಿನ ಗುಡ್‌ವುಡ್ ರಿವೈವಲ್ ಅನ್ನುವ ಹಳೇ ಕಾರುಗಳ ರೇಸ್ ಹಬ್ಬದ ಬಗ್ಗೆ. ಸೆಪ್ಟೆಂಬರ್‌ನಲ್ಲಿ ಮೂರು ದಿನ, ಶುಕ್ರವಾರದಿಂದ ಭಾನುವಾರದವರೆಗೆ. ಯುದ್ಧಕಾಲದ ವಿಮಾನ ನಿಲ್ದಾಣದ ಸುತ್ತಲಿನ ರಸ್ತೆಯೇ 1948ರಲ್ಲಿ ರೇಸ್ ಟ್ರ್ಯಾಕ್ ಆಯಿತು. 1966ರಲ್ಲಿ ರೇಸ್ ನಿಂತಿತು, 1998ರಲ್ಲಿ ಮತ್ತೆ ಶುರುವಾಯಿತು. ಓಡುವುದು ಆ ಕಾಲದ ಕಾರು, ಬೈಕುಗಳೇ. ಬೇಸಿಗೆಯಲ್ಲಿ ಅಲ್ಲೇ ಹತ್ತಿರ ನಡೆಯುವ ಫೆಸ್ಟಿವಲ್ ಆಫ್ ಸ್ಪೀಡ್ ಬೇರೆ. ಅಲ್ಲಿ ಕಾರುಗಳು ಒಂದೊಂದಾಗಿ ದಿಬ್ಬ ಹತ್ತುತ್ತವೆ. ಟಿಕೆಟ್ ತೆಗೆಯುವಾಗ ಗಮನವಿರಲಿ.

ಟಿಕೆಟ್ ಮೊದಲೇ ಕೊಳ್ಳಬೇಕು, ಗೇಟಿನಲ್ಲಿ ಸಿಗುವುದಿಲ್ಲ. ಊರಿನಿಂದ ಬರುವವರು ವೀಸಾಕ್ಕೆ ಪ್ರಯಾಣಕ್ಕಿಂತ ಮೂರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಹಾಕಿಬಿಡಿ. ರೂಮಿನ ವಿಷಯದಲ್ಲಿ ನಾನು ಎಡವಿದೆ. ಆಗಸ್ಟ್‌ನಲ್ಲಿ ಹುಡುಕಿದರೆ ಟ್ರ್ಯಾಕಿಗೆ ಹತ್ತಿರದ ಊರಾದ ಚಿಚೆಸ್ಟರ್‌ನಲ್ಲಿ ಒಂದೂ ಇಲ್ಲ. ಕೊನೆಗೆ ಪೋರ್ಟ್ಸ್‌ಮತ್‌ನಲ್ಲಿ ಉಳಿದುಕೊಂಡು ರೈಲಿನಲ್ಲಿ ಓಡಾಡಿದೆವು. ಲಂಡನ್ನಿನ ವಿಕ್ಟೋರಿಯಾದಿಂದ ಚಿಚೆಸ್ಟರ್‌ಗೆ ಸುಮಾರು ಒಂದೂವರೆ ಗಂಟೆ. ಸ್ಟೇಷನ್ನಿನಿಂದ ಟ್ರ್ಯಾಕಿಗೆ ಬಸ್ ಇರುತ್ತದೆ.

ಈಗ ಬಟ್ಟೆಯ ಮಾತು. ಬಂದವರೆಲ್ಲ 1940ರಿಂದ 60ರ ದಶಕದವರೆಗಿನ ಉಡುಪಿನಲ್ಲಿರುತ್ತಾರೆ. ಕಡ್ಡಾಯವಲ್ಲ, ಆದರೆ ಜೀನ್ಸ್, ಟಿ-ಶರ್ಟಿನಲ್ಲಿ ಹೋದರೆ ನಿಮಗೇ ಒಂಥರಾ ಆಗುತ್ತದೆ. ಬಾಡಿಗೆ ಸೂಟಿಗೆ ದುಡ್ಡು ಸುರಿಯಬೇಡಿ. ನಾನು ಅಜ್ಜನ ಕ್ಲೋಸ್ ಕಾಲರ್ ಕರಿ ಕೋಟು, ಕಚ್ಚೆ ಪಂಚೆ. ನನ್ನವಳು ಅವಳಜ್ಜಿಯ ಇಳಕಲ್ ಸೀರೆ. ನಮ್ಮೂರಿನ 1950 ಅಂದರೆ ಅದೇ ಅಲ್ವಾ? ಕಾರಿಗಿಂತ ನಮ್ಮ ಫೋಟೋ ತೆಗೆದವರೇ ಜಾಸ್ತಿ. ಒಬ್ಬ ಮುದುಕಪ್ಪ ಪಂಚೆ ಉಟ್ಟುಕೊಳ್ಳುವುದು ಹೇಗೆ ಅಂತ ತೋರಿಸೆಂದು ಹಟ ಹಿಡಿದ! ಒಂದೇ ತೊಂದರೆ, ಬೆಳಗ್ಗೆ ಹುಲ್ಲೆಲ್ಲ ಇಬ್ಬನಿ. ಹತ್ತು ಗಂಟೆಗೆ ಪಂಚೆಯ ಅಂಚು ಒದ್ದೆಮುದ್ದೆ.

ಎಲ್ಲಿ ನಿಲ್ಲಬೇಕು? ಗ್ರ್ಯಾಂಡ್‌ಸ್ಟ್ಯಾಂಡ್ ಟಿಕೆಟ್ ಬೇಡ ಅನ್ನುತ್ತೇನೆ. ಟ್ರ್ಯಾಕ್ ಸುತ್ತಳತೆ 3.8 ಕಿ.ಮೀ. ನಡೆದುಕೊಂಡೇ ಸೇಂಟ್ ಮೇರೀಸ್ ತಿರುವಿಗೆ ಹೋಗಿ. 1962ರಲ್ಲಿ ಬ್ರಿಟನ್ನಿನ ಹೆಸರಾಂತ ರೇಸ್ ಡ್ರೈವರ್ ಸ್ಟರ್ಲಿಂಗ್ ಮಾಸ್ ಇಲ್ಲಿಯೇ ಕಾರು ಗುದ್ದಿ ತಿಂಗಳುಗಟ್ಟಲೆ ಆಸ್ಪತ್ರೆ ಸೇರಿದ್ದು. ಅವರ ದೊಡ್ಡ ರೇಸುಗಳ ಕಾಲ ಅಲ್ಲಿಗೇ ಮುಗಿಯಿತು. ಇಲ್ಲಿ ನಿಂತರೆ ಡ್ರೈವರ್ ಕೈ ಸ್ಟೇರಿಂಗ್ ಮೇಲೆ ಆಡುವುದು ಕಾಣುತ್ತದೆ. ಟೈರು ಸಣ್ಣದು, ಹಿಡಿತ ಕಮ್ಮಿ. ಕಾರು ತಿರುವಿನಲ್ಲಿ ಅಡ್ಡಡ್ಡ ಜಾರುತ್ತಲೇ ಹೋಗುತ್ತದೆ.

ಸೇಂಟ್ ಮೇರೀಸ್ ಟ್ರೋಫಿ ಅಂತ ಸಲೂನ್ ಕಾರುಗಳ, ಅಂದರೆ ಮನೆಮಂದಿ ಓಡಾಡುವ ಸಾಮಾನ್ಯ ಕಾರುಗಳ ರೇಸಿದೆ. ಒಂದು ವರ್ಷ 50ರ ದಶಕದವು, ಮುಂದಿನ ವರ್ಷ 60ರ ದಶಕದವು. ನಾವು ಹೋದಾಗ 50ರ ಸರದಿ. ಮೊಟ್ಟೆಯಂಥ ಪುಟ್ಟ ಆಸ್ಟಿನ್ ಎ35, ಒಳಗಡೆ ಎಂಜಿನ್ ಚೆನ್ನಾಗಿ ತಿದ್ದಿರುತ್ತಾರೆ, ತಿರುವಿನಲ್ಲಿ ಒಂದು ಚಕ್ರ ಎತ್ತಿಕೊಂಡು ದೊಡ್ಡ ಜಾಗ್ವಾರ್ ಬೆನ್ನು ಹತ್ತಿತ್ತು. ಕೋಟಿಗಟ್ಟಲೆ ಬೆಲೆಯ ಫೆರಾರಿಗಿಂತ ನನಗೆ ಇದೇ ಇಷ್ಟ.

ಮಕ್ಕಳಿದ್ದರೆ ಸೆಟ್ರಿಂಗ್ಟನ್ ಕಪ್ ತಪ್ಪಿಸಬೇಡಿ. ಮಕ್ಕಳು ಓಡಿಬಂದು ಆಸ್ಟಿನ್ ಜೆ40 ಪೆಡಲ್ ಕಾರು ಹತ್ತಿ ತುಳಿಯುತ್ತಾರೆ. ಧೂಳಿನಿಂದ ಶ್ವಾಸಕೋಶ ಕೆಟ್ಟ ಗಣಿ ಕಾರ್ಮಿಕರಿಗೆ ಕೆಲಸ ಸಿಗಲಿ ಅಂತ ವೇಲ್ಸ್‌ನಲ್ಲಿ ಕಾರ್ಖಾನೆ ತೆರೆದು ಈ ಕಾರು ಮಾಡಿಸುತ್ತಿದ್ದರಂತೆ. ಮಕ್ಕಳ ಕಿವಿಗೆ ಮಾತ್ರ ಏನಾದರೂ ಮುಚ್ಚಿಕೊಳ್ಳಲು ತನ್ನಿ, ದೊಡ್ಡ ಕಾರುಗಳ ಸದ್ದು ಜೋರು.

1966ಕ್ಕಿಂತ ಹಳೆಯ ಕಾರಲ್ಲಿ ಬಂದವರಿಗೆ ಬೇರೆ ಪಾರ್ಕಿಂಗ್ ಇದೆ. ಅಲ್ಲೊಂದು ಮಾರಿಸ್ ಆಕ್ಸ್‌ಫರ್ಡ್ ಕಂಡು ಇಬ್ಬರೂ ನಿಂತುಬಿಟ್ಟೆವು. ನಮ್ಮ ಅಂಬಾಸಿಡರ್‌ನ ಅಣ್ಣ! 2014ರವರೆಗೆ ಇದನ್ನೇ ಮಾಡುತ್ತಿದ್ದೆವು ಅಂದರೆ ಮಾಲೀಕರಿಗೆ ನಂಬಿಕೆಯೇ ಬರಲಿಲ್ಲ. ಬಾಗಿಲು ತೆಗೆದು ಕೂರಿಸಿದರು. ಹಿಂದಿನ ಸೀಟಿನಲ್ಲಿ ನಾಲ್ಕು ಜನ ಹಿಡಿಸುತ್ತಿದ್ದೆವು ಅಂದಾಗಲಂತೂ ಜೋರಾಗಿ ನಕ್ಕರು.

ಎರಡೇ ದಿನ ಬಿಡುವಿದ್ದರೆ ಶುಕ್ರವಾರ, ಭಾನುವಾರ ಹೋಗಿ. ಶುಕ್ರವಾರ ಹೆಚ್ಚಾಗಿ ಪ್ರಾಕ್ಟೀಸು, ಆರಾಮಾಗಿ ಕಾರು ನೋಡಬಹುದು. ಭಾನುವಾರ ಕೊನೇ ರೇಸ್ ಮುಗಿಯುವ ಮೊದಲೇ ಬಸ್ಸಿಗೆ ಹೊರಡಿ ಅಂತ ನಮಗೆ ಹೇಳಿದ್ದರು. ನಾವು ಕೇಳಲಿಲ್ಲ. ಒಂದು ಗಂಟೆ ಕ್ಯೂನಲ್ಲಿ ನಿಂತೆವು, ರೈಲೂ ತಪ್ಪಿತು. ಬ್ಯಾಗಿನಲ್ಲಿ ಚಕ್ಕುಲಿ ಇತ್ತು, ಬಚಾವ್.